ಸಾವು ಶುರುವಾದ ಮೊದಲ ದಿನವೇ ರೈತ ಬಾಯಿ ಬಿಡುವಂತಾಗಲಿ: ಕೋಳಿ, ಹಂದಿ ಸಾಕುವವರ ಬಹಿರಂಗ ಪತ್ರ

ಮಾನ್ಯ ಪಶುಸಂಗೋಪನೆ ಸಚಿವರಿಗೆ ಹಾಗೂ ಪಶುಪಾಲನೆ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಆಯುಕ್ತರಿಗೆ,

ನಮಸ್ಕಾರ.

ಹಂದಿಯೊಂದು ಸಂಜೆ ಮುಸುರೆಗೆ ಬಾಯಿ ಹಾಕದೆ ಗೋಡೆ ಮೂಲೆಗೆ ಹೋಗಿ ಮಲಗುತ್ತದೆ. ಥರ್ಮಾಮೀಟರ್ ಇಟ್ಟರೆ ಜ್ವರ 41 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಮಾರನೆಯ ದಿನ ಇನ್ನೆರಡು ಮಲಗುತ್ತವೆ. ಕಿವಿಯ ತುದಿ, ಹೊಟ್ಟೆಯ ಅಡಿ, ತೊಡೆಯ ಒಳಮೈ ಮೊದಲು ಕೆಂಪಾಗಿ, ಆಮೇಲೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತವೆ. ಆ ಹೊತ್ತಿಗೆ ಸಾಕಿದವರ ಕೈಯಲ್ಲಿ ಫೋನಿರುತ್ತದೆ, ಕರೆ ಮಾಡಲು ಎರಡು ನಂಬರ್ ಇರುತ್ತವೆ. ಒಂದು ಪಶು ಆಸ್ಪತ್ರೆಯದು, ಇನ್ನೊಂದು ಹಂದಿ ವ್ಯಾಪಾರಿಯದು. ರೋಗದ ಅನುಮಾನವನ್ನು ಮುಚ್ಚಿಡದೆ ತಿಳಿಸಲೇಬೇಕು ಎಂದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯ್ದೆ ಹೇಳುತ್ತದೆ. ವ್ಯಾಪಾರಿಗೆ ಮಾಡು ಎಂದು ಲೆಕ್ಕ ಹೇಳುತ್ತದೆ. ಆ ಲೆಕ್ಕವನ್ನು ಬದಲಾಯಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇವೆ.

ಲೆಕ್ಕ ಹೀಗಿದೆ. ಹೀಗೆ ಹಂದಿಗಳನ್ನು ಕೆಡವುವ ಆಫ್ರಿಕನ್ ಹಂದಿ ಜ್ವರ ಭಾರತದಲ್ಲಿ ಮೊದಲು ಗುರುತಾದದ್ದು 2020ರಲ್ಲಿ, ಅಸ್ಸಾಂ ಮತ್ತು ಅರುಣಾಚಲ ಪ್ರದೇಶದಲ್ಲಿ. 2022ರ ಜುಲೈನಲ್ಲಿ ನಮ್ಮ ಗಡಿಯಾಚೆಯ ವಯನಾಡಿಗೆ ಬಂತು. ಅಲ್ಲಿ ಕೊಂದ ಹಂದಿಗಳಿಗೆ ತೂಕದ ಮೇಲೆ ಪರಿಹಾರ ಕೊಟ್ಟರು: 15 ಕಿಲೋ ಒಳಗಿನದಕ್ಕೆ ₹2,200, 15ರಿಂದ 40 ಕಿಲೋಗೆ ₹5,800, 40ರಿಂದ 70 ಕಿಲೋಗೆ ₹8,400, 70ರಿಂದ 100 ಕಿಲೋಗೆ ₹12,000. ದರ ತೀರಾ ಅನ್ಯಾಯದ್ದೇನಲ್ಲ. ತೊಡಕಿರುವುದು ಎಣಿಕೆಯಲ್ಲಿ. ರೋಗ ದೃಢಪಟ್ಟ ಮೇಲೆ ಇಲಾಖೆ ಕೊಲ್ಲಿಸಿದ ಹಂದಿಗೆ ಮಾತ್ರ ಪರಿಹಾರ, ಅದಕ್ಕೆ ಮುಂಚೆ ಸತ್ತದ್ದಕ್ಕೆ ಇಲ್ಲ. ಈ ರೋಗಕ್ಕೆ ಔಷಧಿಯಿಲ್ಲ, ನಮ್ಮಲ್ಲಿ ಲಸಿಕೆಯೂ ಇಲ್ಲ. ತೀವ್ರ ರೂಪದಲ್ಲಿ ಬಂದರೆ ಗೂಡಿನ ಹೆಚ್ಚುಕಡಿಮೆ ಎಲ್ಲ ಹಂದಿಯೂ ಸಾಯುತ್ತದೆ, ಅದೂ ಕೆಲವೇ ದಿನಗಳಲ್ಲಿ. ಮಾದರಿ ತೆಗೆದು ಬೆಂಗಳೂರಿಗೆ ಕಳಿಸಿ, ಅಲ್ಲಿಂದ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಗಿ, ಫಲಿತಾಂಶ ಬಂದು, ಜಿಲ್ಲಾಧಿಕಾರಿ ಆದೇಶ ಹೊರಡುವವರೆಗೆ ಹಂದಿ ಕಾಯುವುದಿಲ್ಲ.

80 ಕಿಲೋ ತೂಗುವ 40 ಹಂದಿ ಇರುವ ಒಂದು ಗೂಡನ್ನು ತೆಗೆದುಕೊಳ್ಳಿ. ಎಲ್ಲಕ್ಕೂ ಪರಿಹಾರ ಬಂದರೆ ₹4,80,000. ದೃಢೀಕರಣ ಬರುವ ಹೊತ್ತಿಗೆ 25 ಸತ್ತಿದ್ದರೆ ಉಳಿದ 15ಕ್ಕೆ ಸಿಗುವುದು ₹1,80,000. ಕಾನೂನಿನಂತೆ ನಡೆದುಕೊಂಡವನಿಗೆ ₹3,00,000 ನಷ್ಟ. ಮೊದಲ ಹಂದಿ ಮಲಗಿದ ರಾತ್ರಿಯೇ ಎಲ್ಲವನ್ನೂ ಲಾರಿಗೆ ಹತ್ತಿಸಿದವನಿಗೆ ಅರ್ಧ ಬೆಲೆಯಾದರೂ ಕೈಗೆ ಬರುತ್ತದೆ. ಅದರ ಜೊತೆ ವೈರಸ್ಸೂ ಲಾರಿಯೇರಿ ಇನ್ನೊಂದು ತಾಲ್ಲೂಕಿನ ಕಸಾಯಿಖಾನೆಗೆ, ಅಲ್ಲಿಂದ ಹೋಟೆಲಿಗೆ, ಹೋಟೆಲಿನ ಎಂಜಲಿನಿಂದ ಮತ್ತೊಬ್ಬರ ಹಂದಿಗೂಡಿಗೆ ಹೋಗುತ್ತದೆ. ರೋಗ ಹರಡಿದ್ದಕ್ಕೆ ರೈತನ ಅಜ್ಞಾನವನ್ನು ದೂರುವ ಸುತ್ತೋಲೆಗಳನ್ನು ನಾವು ಓದಿದ್ದೇವೆ. ಆ ರಾತ್ರಿ ಲಾರಿ ಕರೆಸಿದವನಿಗೆ ತಿಳಿವಳಿಕೆಯ ಕೊರತೆಯೇನೂ ಇರಲಿಲ್ಲ.

ಆದ್ದರಿಂದ ನಮ್ಮ ಮೊದಲ ಬೇಡಿಕೆ ಇಷ್ಟೇ. ರೈತ ತಿಳಿಸಿದ ಗಂಟೆಯಲ್ಲಿ ಎಷ್ಟು ಹಂದಿ ಜೀವಂತವಾಗಿದ್ದವೋ ಅಷ್ಟಕ್ಕೂ ಪರಿಹಾರ ಕೊಡಿ. ಫಲಿತಾಂಶ ಬರುವ ಮುಂಚೆ ಸತ್ತರೂ ಎಣಿಕೆ ಕಡಿಮೆಯಾಗಬಾರದು. ಪಶು ಚಿಕಿತ್ಸೆಯ 1962 ಸಹಾಯವಾಣಿಗೆ ಬಂದ ಕರೆಗೆ ಸಮಯ ದಾಖಲಾಗುತ್ತದೆ, ಅದೇ ಪುರಾವೆಯಾಗಲಿ. ಮೊದಲ ಭೇಟಿಯಲ್ಲೇ ವೈದ್ಯಾಧಿಕಾರಿ ಹಂದಿಗಳನ್ನು ಎಣಿಸಿ, ಫೋಟೊ ತೆಗೆದು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಪಂಚನಾಮೆ ಬರೆಯಲಿ. ತೂಕದ ಯಂತ್ರ ಬೇಕೆಂದೇನಿಲ್ಲ, ಅಳತೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆದುಕೊಳ್ಳಬೇಕು, ಕಿವಿಗಳ ನಡುವಿನಿಂದ ಬಾಲದ ಬುಡದವರೆಗೆ ಉದ್ದ ತೆಗೆದುಕೊಳ್ಳಬೇಕು, ಎರಡೂ ಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, ಕೊನೆಗೆ 69.3ರಿಂದ ಗುಣಿಸಿದರೆ ಕಿಲೋ ಸಿಗುತ್ತದೆ. ಸುತ್ತಳತೆ 1 ಮೀಟರ್, ಉದ್ದ 1.1 ಮೀಟರ್ ಇದ್ದರೆ 76 ಕಿಲೋ. ಹಂದಿಗೆ ಒಂದು ನಿಮಿಷದ ಕೆಲಸ. ಒಂದು ಗೂಡಿನಲ್ಲಿ ಬಳಸಿದ ಟೇಪನ್ನು ಮಾತ್ರ ಅಲ್ಲೇ ಸುಟ್ಟು ಬರಬೇಕು. ಪರಿಹಾರದಲ್ಲಿ ಕೇಂದ್ರ ಮತ್ತು ರಾಜ್ಯದ ಪಾಲು ಅರ್ಧರ್ಧ. ಸತ್ತ ಹಂದಿಗೆ ಕೇಂದ್ರ ಒಪ್ಪದಿದ್ದರೆ ರಾಜ್ಯ ತನ್ನ ಅರ್ಧವನ್ನಾದರೂ ಕೊಡಲಿ.

ಗುರುತಿಸುವ ವಿಚಾರದಲ್ಲೂ ಒಂದು ಮಾತಿದೆ. ಹಳೆಯ ಹಂದಿ ಜ್ವರವೂ ಆಫ್ರಿಕನ್ ಹಂದಿ ಜ್ವರವೂ ಹೊರಗಿನಿಂದ ನೋಡಿದರೆ ಒಂದೇ. ಎರಡರಲ್ಲೂ ಅದೇ ಜ್ವರ, ಅದೇ ನೇರಳೆ ಕಿವಿ. ಆದರೆ ವೈರಸ್ ಬೇರೆ. ಹಳೆಯದಕ್ಕೆ ಲಸಿಕೆಯಿದೆ: ಮರಿಗೆ ಸುಮಾರು ಎರಡು ತಿಂಗಳಾದಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಆ ಲಸಿಕೆ ಹಾಕಿಸಿದ ಹಂದಿ ಸತ್ತರೆ ರೈತ 'ಲಸಿಕೆಯೇ ಕೆಲಸಕ್ಕೆ ಬಾರದು' ಎಂದುಕೊಳ್ಳುತ್ತಾನೆ, ಮುಂದಿನ ವರ್ಷ ಹಾಕಿಸುವುದಿಲ್ಲ. ಅನುಮಾನ ಬಂದಾಗ ಹಂದಿಯನ್ನು ಗೂಡಿನ ಅಂಗಳದಲ್ಲೇ ಕೊಯ್ದು ನೋಡುವುದು ಇನ್ನೂ ನಡೆಯುತ್ತಿದೆ. ಗುಲ್ಮ ಮಾಮೂಲಿಗಿಂತ ಎರಡು ಮೂರು ಪಟ್ಟು ಊದಿ, ಕಪ್ಪಾಗಿ, ಮುಟ್ಟಿದರೆ ಪುಡಿಯಾಗುವಂತಿದ್ದರೆ ಆಫ್ರಿಕನ್ ಜ್ವರದ ಕಡೆ ಬೊಟ್ಟು ಮಾಡುತ್ತದೆ, ನಿಜ. ಆದರೆ ಈ ವೈರಸ್ ಬಹುಪಾಲು ಇರುವುದೇ ರಕ್ತದಲ್ಲಿ. ಅಂಗಳದಲ್ಲಿ ಒಂದು ಹಂದಿ ಕೊಯ್ದರೆ ಮಣ್ಣು, ಚಪ್ಪಲಿ, ನಾಯಿ, ಕಾಗೆ ಎಲ್ಲವೂ ವಾಹಕವೇ. ಜೀವಂತ ಹಂದಿಯ ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಕೊಳವೆಯಲ್ಲಿ ತೆಗೆದು, ಮೂರು ಪದರದಲ್ಲಿ ಕಟ್ಟಿ, ಐಸಿನಲ್ಲಿ ಕಳಿಸಿದರೆ ಪಿಸಿಆರ್ ಪರೀಕ್ಷೆಗೆ ಅಷ್ಟು ಸಾಕು. ಹಂದಿ ಸಾಕಣೆ ಹೆಚ್ಚಿರುವ ತಾಲ್ಲೂಕುಗಳ ಪ್ರತಿ ಆಸ್ಪತ್ರೆಯಲ್ಲೂ ಇಂಥ ಹತ್ತು ಕಿಟ್ ಸಿದ್ಧವಿರಲಿ. ಹೆಬ್ಬಾಳದಲ್ಲಿರುವ ದಕ್ಷಿಣ ಪ್ರಾದೇಶಿಕ ರೋಗ ಪತ್ತೆ ಪ್ರಯೋಗಾಲಯದ ಪ್ರಾಥಮಿಕ ಫಲಿತಾಂಶವನ್ನೇ ಆಧರಿಸಿ ಗೂಡಿಗೆ ನಿರ್ಬಂಧ ಹಾಕುವ, ಪರಿಹಾರದ ಎಣಿಕೆ ಮುಗಿಸುವ ಅಧಿಕಾರ ಜಿಲ್ಲೆಗೆ ಸಿಗಲಿ.

ಇನ್ನು ಮುಸುರೆ. ಬೆಂಗಳೂರು, ಮೈಸೂರು, ಮಂಗಳೂರು ಸುತ್ತಮುತ್ತ ಸಣ್ಣವರು ಸಾಕುವ ಹಂದಿ ಬದುಕಿರುವುದೇ ಹೋಟೆಲ್, ಹಾಸ್ಟೆಲ್, ಛತ್ರಗಳ ಎಂಜಲಿನ ಮೇಲೆ. ಕೊರಮ, ಹಂದಿಜೋಗಿಯಂಥ ಸಮುದಾಯಗಳು ತಲೆಮಾರುಗಳಿಂದ ಇದೇ ಮಾಡಿಕೊಂಡು ಬಂದಿವೆ. ಮುಸುರೆ ನಿಷೇಧಿಸಿ ಎಂದು ಬರೆಯುವುದು ಸುಲಭ. ಒಂದು ಕಿಲೋ ತೂಕ ಬರಲು ಹಂದಿ ಮೂರರಿಂದ ಮೂರೂವರೆ ಕಿಲೋ ಫೀಡ್ ತಿನ್ನುತ್ತದೆ. ಮರಿಯಿಂದ 100 ಕಿಲೋಗೆ ತರಲು 300 ಕಿಲೋ ಎಂದರೂ, ಕಿಲೋಗೆ ₹35 ಹಿಡಿದರೆ ₹10,500 ಬರೀ ಫೀಡಿಗೆ. ನಾಲ್ಕು ಹಂದಿ ಸಾಕುವ ಮನೆಗೆ ಅದು ಆಗದ ಮಾತು. ಆದ್ದರಿಂದ ಮುಸುರೆ ಇರುತ್ತದೆ, ಅದನ್ನು ಸರಿಯಾಗಿ ಬೇಯಿಸುವ ದಾರಿ ಹುಡುಕಬೇಕು.

ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ನಿಯಮ ಹೇಳುವುದು 90 ಡಿಗ್ರಿಯಲ್ಲಿ 60 ನಿಮಿಷ, ಎಡೆಬಿಡದೆ ಕಲಕುತ್ತಾ. ಗೂಡಿನ ಹತ್ತಿರ ಇದು ತಪ್ಪುವುದು ಮೂರು ಕಡೆ. 200 ಲೀಟರ್ ಡ್ರಮ್ಮನ್ನು ಕಂಠದವರೆಗೆ ತುಂಬಿದರೆ ಕಲಕಲು ಆಗುವುದಿಲ್ಲ, ತಳ ಸೀದುಹೋಗುತ್ತದೆ, ಮೇಲಿನ ಎಣ್ಣೆ ಪದರ ಕುದಿಯುವಂತೆ ಕಾಣುತ್ತದೆ, ನಡುವಿನ ಅನ್ನದ ಮುದ್ದೆ ಬೆಚ್ಚಗಷ್ಟೇ ಇರುತ್ತದೆ. ಮುಕ್ಕಾಲು ಮಾತ್ರ ತುಂಬಿ, ಮೂಳೆ ಮಾಂಸದ ದಪ್ಪ ತುಂಡುಗಳನ್ನು ತೆಗೆದುಬಿಡಬೇಕು. ಎರಡನೆಯದು ಸಮಯ: ಒಲೆ ಹಚ್ಚಿದಾಗಿನಿಂದ ಗಂಟೆ ಎಣಿಸುತ್ತಾರೆ, ಎಣಿಸಬೇಕಾದದ್ದು ಇಡೀ ಡ್ರಮ್ ಕೊತಕೊತ ಕುದಿಯಲು ಶುರುವಾದ ಮೇಲೆ. ಮೂರನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ಹಸಿ ಮುಸುರೆ ತಂದ ಬಕೆಟ್ಟಿನಲ್ಲೇ ಬೆಂದದ್ದನ್ನು ಹಂದಿಗೆ ಸುರಿಯುತ್ತಾರೆ, ಗಂಟೆಗಟ್ಟಲೆ ಉರಿಸಿದ ಸೌದೆ ವ್ಯರ್ಥ. ಹಸಿಯದಕ್ಕೆ ಕೆಂಪು ಬಕೆಟ್, ಬೆಂದದ್ದಕ್ಕೆ ನೀಲಿ ಬಕೆಟ್, ಹಸಿ ಇಳಿಸುವ ಜಾಗ ಬೇಲಿಯ ಹೊರಗೆ ಎಂದು ಕಟ್ಟುನಿಟ್ಟಾದರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ. ಸೌದೆಗೆ ದುಡ್ಡೆಲ್ಲಿ ಎಂಬ ಪ್ರಶ್ನೆಗೆ ಉತ್ತರ ನಗರಪಾಲಿಕೆಗಳ ಹತ್ತಿರ ಇದೆ. ಹೋಟೆಲ್ ತ್ಯಾಜ್ಯ ಸಾಗಿಸಲು ಅವು ಹೇಗೂ ಖರ್ಚು ಮಾಡುತ್ತಿವೆ. ಸಾಕುವವರ ಗುಂಪಿಗೊಂದು ಉಗಿ ಬಾಯ್ಲರ್ ಹಾಕಿಸಿಕೊಟ್ಟರೆ ನಗರದ ಹೊರೆಯೂ ತಗ್ಗುತ್ತದೆ, ರೋಗದ ದಾರಿಯೂ ಮುಚ್ಚುತ್ತದೆ. ಇಲಾಖೆ ಮತ್ತು ಪಾಲಿಕೆಗಳು ಒಟ್ಟಿಗೆ ಕುಳಿತು ಮಾಡಬೇಕಾದ ಕೆಲಸ ಇದು.

ಕೊಡಗು, ಚಾಮರಾಜನಗರದ ಕಡೆಗೆ ಇನ್ನೊಂದು ಆತಂಕವಿದೆ. 2023ರ ಆರಂಭದಲ್ಲಿ ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯಲ್ಲಿ ಕಾಡುಹಂದಿಗಳು ಇದೇ ರೋಗದಿಂದ ಸತ್ತವು. ಸತ್ತ ಹಂದಿಯನ್ನು ತೋಟದ ಅಂಚಿನಲ್ಲಿ ಎಸೆದರೆ ಕಾಡುಹಂದಿ ಬಂದು ತಿನ್ನುತ್ತದೆ. ಕಾಡಿಗೆ ಹೋದ ವೈರಸ್ಸನ್ನು ಯಾವ ಆದೇಶವೂ ಹಿಂದಕ್ಕೆ ಕರೆಯಲಾರದು. ಪಂಚಾಯಿತಿ ಜೆಸಿಬಿ ಕಳಿಸಿ ಎರಡು ಮೀಟರ್ ಗುಂಡಿ ತೋಡಿಸಿ, ಸುಣ್ಣ ಹಾಕಿ ಹೂಳಿಸುವ ಖರ್ಚನ್ನು ರೈತನ ಮೇಲೆ ಹೊರಿಸಬೇಡಿ. ಈ ರೋಗ ಮನುಷ್ಯರಿಗೆ ಬರುವುದಿಲ್ಲ ಎಂಬುದನ್ನು ಅದೇ ದಿನ ಮೈಕಿನಲ್ಲಿ ಹೇಳಿಸಿ. ಇಲ್ಲದಿದ್ದರೆ ರೋಗವೇ ಇಲ್ಲದ ಊರಲ್ಲೂ ಹಂದಿ ಮಾಂಸದ ಅಂಗಡಿ ಮುಚ್ಚುತ್ತದೆ.

ದೊಡ್ಡ ರೋಗವಿಲ್ಲದ ಕಾಲದಲ್ಲೂ ಹಂದಿ ಸಾಕಣೆಯ ಲಾಭ ಸೋರುವುದು ಮರಿಗಳಲ್ಲಿ. 114 ದಿನ ಹೊತ್ತು ಹತ್ತು ಮರಿ ಹಾಕಿದ ತಾಯಿಯಿಂದ ಆರು ಮಾತ್ರ ಉಳಿದರೆ ಆ ವರ್ಷದ ದುಡಿಮೆ ಅಲ್ಲಿಗೇ ಮುಗಿಯಿತು. ಮರಿಗೆ ದಿನಕ್ಕೆ 7ರಿಂದ 10 ಮಿಲಿಗ್ರಾಂ ಕಬ್ಬಿಣ ಬೇಕು, ತಾಯಿ ಹಾಲಿನಲ್ಲಿ ಸಿಗುವುದು ಸುಮಾರು 1 ಮಿಲಿಗ್ರಾಂ. ಮಣ್ಣಿನ ನೆಲದಲ್ಲಿ ಮರಿ ಮಣ್ಣು ನೆಕ್ಕಿ ಉಳಿದದ್ದನ್ನು ಪಡೆಯುತ್ತಿತ್ತು. ಸಿಮೆಂಟ್ ನೆಲಕ್ಕೆ ಬಂದ ಮೇಲೆ ಮೂರನೇ ದಿನ 200 ಮಿಲಿಗ್ರಾಂ ಐರನ್ ಡೆಕ್ಸ್‌ಟ್ರಾನ್ ಚುಚ್ಚದಿದ್ದರೆ ಮೂರನೇ ವಾರಕ್ಕೆ ಮರಿ ಬಿಳಿಚಿಕೊಂಡು, ಭೇದಿ ಹತ್ತಿ ಹೋಗುತ್ತದೆ. ಇಷ್ಟು ಅಗ್ಗದ ಔಷಧಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಸದಾ ಇರುವಂತೆ ನೋಡಿಕೊಳ್ಳಿ. ರಾಷ್ಟ್ರೀಯ ಜಾನುವಾರು ಮಿಷನ್ 100 ತಾಯಿ ಹಂದಿ, 10 ಗಂಡು ಹಂದಿಯ ಘಟಕಕ್ಕೆ ₹30 ಲಕ್ಷದವರೆಗೆ ಸಹಾಯಧನ ಕೊಡುತ್ತದೆ. ಒಳ್ಳೆಯದೇ. ಐದು ತಾಯಿ ಹಂದಿ ಸಾಕುವವರಿಗೆ ಗೋಡೆಯ ಪಕ್ಕ ಒಂದು ಕಬ್ಬಿಣದ ಅಡ್ಡಪಟ್ಟಿ ಬೇಕಾಗಿರುತ್ತದೆ, ನೆಲದಿಂದಲೂ ಗೋಡೆಯಿಂದಲೂ ಒಂದು ಗೇಣಿನಷ್ಟು ಬಿಟ್ಟು. ತಾಯಿ ಮಗ್ಗುಲಾದಾಗ ಮರಿ ಅದರ ಸಂದಿಗೆ ನುಸುಳಿ ಬದುಕುತ್ತದೆ. ಅಂಥದ್ದಕ್ಕೆ ಯಾವ ಯೋಜನೆಯಲ್ಲೂ ಜಾಗವಿಲ್ಲ.

ಈಗ ಕೋಳಿ.

ಹಕ್ಕಿಜ್ವರ ನಮ್ಮ ರಾಜ್ಯಕ್ಕೆ ಹೊಸದಲ್ಲ. 2012ರಲ್ಲಿ ಹೆಸರಘಟ್ಟ, 2020ರ ಮಾರ್ಚ್‌ನಲ್ಲಿ ಮೈಸೂರು, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳು. ರೋಗ ಸಿಕ್ಕ ಜಾಗದ ಸುತ್ತ 1 ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ, 10 ಕಿಲೋಮೀಟರ್‌ವರೆಗೆ ನಿಗಾ. ಶುಚಿ ಮಾಡಿದ ಮೇಲೂ ಮೂರು ತಿಂಗಳ ನಿಗಾ ಅವಧಿ ಇರುತ್ತದೆ. ಪರಿಹಾರ ಇಲ್ಲಿಯೂ ಕೊಂದ ಕೋಳಿಗೆ ಮಾತ್ರ. ಸತ್ತ ಕೋಳಿಗಿಲ್ಲ, ಖಾಲಿ ಬಿದ್ದ ಶೆಡ್ಡಿನ ತಿಂಗಳುಗಳಿಗಿಲ್ಲ, ಬ್ಯಾಂಕಿನ ಕಂತಿಗಿಲ್ಲ. ಹಂದಿಗೆ ಕೇಳಿದ ನಿಯಮವನ್ನೇ ಕೋಳಿಗೂ ಕೇಳುತ್ತೇವೆ. ಜೊತೆಗೆ, ನಿರ್ಬಂಧದ ಅವಧಿಯ ಸಾಲದ ಕಂತು ಮುಂದೂಡಲು ಬ್ಯಾಂಕುಗಳ ಜೊತೆ ಸರ್ಕಾರವೇ ಮಾತಾಡಬೇಕು.

ಆದರೆ ಸಾಕಣೆದಾರನನ್ನು ದಿನದಿನವೂ ತಿನ್ನುವುದು ಹಕ್ಕಿಜ್ವರವಲ್ಲ. ಒಪ್ಪಂದದ ಸಾಕಣೆಯಲ್ಲಿ ಕಂಪನಿ ಮರಿ, ಫೀಡ್, ಔಷಧಿ ಕೊಡುತ್ತದೆ. ಶೆಡ್, ನೆಲಕ್ಕೆ ಹಾಸುವ ಹೊಟ್ಟು, ನೀರು, ಕರೆಂಟು, ಕೂಲಿ ರೈತನದು. ಬ್ಯಾಚ್ ಮುಗಿದಾಗ ಎಷ್ಟು ಫೀಡಿಗೆ ಎಷ್ಟು ತೂಕ ಬಂತು ಎಂಬ ಎಫ್‌ಸಿಆರ್ ನೋಡಿ ಕಿಲೋಗೆ ಇಷ್ಟು ಎಂದು ಸಾಕಣೆ ಶುಲ್ಕ ಕಟ್ಟುತ್ತಾರೆ. 5,000 ಕೋಳಿ ತಲಾ 2.2 ಕಿಲೋ ಬಂದರೆ 11,000 ಕಿಲೋ. ಎಫ್‌ಸಿಆರ್ 1.6ರ ಬದಲು 1.7 ಆದರೆ 1,100 ಕಿಲೋ ಫೀಡ್ ಹೆಚ್ಚಾಯಿತು. ಕಿಲೋಗೆ ₹40 ಎಂದರೂ ₹44,000. ಆ ದುಡ್ಡು ಕಡಿತವಾಗಿ ಬರುವುದು ರೈತನ ಶುಲ್ಕದಲ್ಲಿ. ಹೆಚ್ಚಾದದ್ದು ಏಕೆ? ಮರಿ ಕಳಪೆಯೇ, ಫೀಡಿನಲ್ಲಿ ಬೂಷ್ಟಿತ್ತೇ, ಲಸಿಕೆ ಕೆಟ್ಟಿತ್ತೇ, ಹೊಟ್ಟು ಒದ್ದೆಯಾಗಿತ್ತೇ? ಕೊನೆಯದು ಮಾತ್ರ ರೈತನ ತಪ್ಪು. ಆದರೆ ನಾಲ್ಕರಲ್ಲಿ ಯಾವುದೆಂದು ಬರೆದುಕೊಡುವವರು ಯಾರೂ ಇಲ್ಲ. ಸೂಪರ್‌ವೈಸರ್ ಬಂದು ನಾಲ್ಕು ಕೋಳಿ ಕೊಯ್ದು ನೋಡಿ 'ಮ್ಯಾನೇಜ್‌ಮೆಂಟ್ ಸರಿಯಿಲ್ಲ' ಎಂದು ಪುಸ್ತಕದಲ್ಲಿ ಬರೆದು ಹೋದರೆ ಅದೇ ತೀರ್ಪು.

ರೈತನ ಪಾಲಿನ ತಪ್ಪನ್ನು ಮುಚ್ಚಿಡುವುದು ನಮ್ಮ ಉದ್ದೇಶವಲ್ಲ. ಒಂದು ಹಿಡಿ ಹೊಟ್ಟು ತೆಗೆದು ಗಟ್ಟಿಯಾಗಿ ಹಿಸುಕಿ ಕೈ ಬಿಚ್ಚಿ. ಉಂಡೆಯಾಗಿಯೇ ನಿಂತರೆ ತೇವ ಹೆಚ್ಚಾಗಿದೆ. ಬಿರುಕು ಬಿಟ್ಟು ಸಡಿಲವಾಗಿ ಉದುರಿದರೆ ಸರಿ, ತೇವ ನೂರಕ್ಕೆ 20ರಿಂದ 25ರಷ್ಟಿರುತ್ತದೆ. ಒದ್ದೆಯಾಗುವುದು ಬಹುತೇಕ ಕೋಳಿ ನೀರು ಕುಡಿಯುವ ನಿಪ್ಪಲ್ ಸಾಲಿನ ಕೆಳಗೆ, ಪೈಪಿನ ಎತ್ತರವನ್ನು ಕೋಳಿ ಬೆಳೆದಂತೆ ಏರಿಸದೆ ಬಿಟ್ಟಾಗ. ಒದ್ದೆ ಹೊಟ್ಟಿನಿಂದ ಅಮೋನಿಯಾ ಏಳುತ್ತದೆ. ಶೆಡ್ಡಿನಲ್ಲಿ ನಿಂತವರಿಗೆ ವಾಸನೆ ಅಷ್ಟಾಗಿ ತಿಳಿಯದು, ಬಗ್ಗಿ ಕೋಳಿಯ ಮಟ್ಟಕ್ಕೆ ಮುಖ ತಂದರೆ ಕಣ್ಣು ಉರಿಯುತ್ತದೆ. 25 ಪಿಪಿಎಂ ದಾಟಿದ ಅಮೋನಿಯಾ ಶ್ವಾಸನಾಳದ ಒಳಗಿನ ಸಣ್ಣ ರೋಮಗಳನ್ನು ಸುಟ್ಟುಹಾಕುತ್ತದೆ. ಧೂಳು, ರೋಗಾಣುಗಳನ್ನು ಹೊರದಬ್ಬುವ ಕಸಪೊರಕೆಯೇ ಅದು. ಆಮೇಲೆ ಇ. ಕೋಲೈ ಬ್ಯಾಕ್ಟೀರಿಯಾ ಸಲೀಸಾಗಿ ಒಳನುಗ್ಗುತ್ತದೆ. ಇಲ್ಲಿ ತುಂಬಾ ಜನ ಮಾಡುವ ಒಂದು ತಪ್ಪು: ಕೋಳಿ ಇರುವಾಗಲೇ ಒದ್ದೆ ಹೊಟ್ಟಿಗೆ ಸುಣ್ಣ ಎರಚುವುದು. ಸುಣ್ಣ ಕ್ಷಾರ, ಕ್ಷಾರ ಹೆಚ್ಚಿದಷ್ಟೂ ಅಮೋನಿಯಾ ಇನ್ನೂ ಜೋರಾಗಿ ಗಾಳಿಗೆ ಬರುತ್ತದೆ. ಗಟ್ಟಿಯಾದ ಹೊಟ್ಟನ್ನು ಕಿತ್ತು ಹೊರಗೆ ಹಾಕಿ, ಒಣ ಹೊಟ್ಟು ಸೇರಿಸಿ, ಪರದೆ ಮೇಲಿನಿಂದ ಒಂದಡಿ ಇಳಿಸುವುದೇ ಮದ್ದು.

ನೀರಿನಲ್ಲಿ ಕೊಡುವ ಲಸಿಕೆಯದೂ ಇದೇ ಕಥೆ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟಾ ಲಸಿಕೆಯ ಬೂಸ್ಟರ್ ಕೊಡುವ ದಿನ, 28 ದಿನದ 1,000 ಕೋಳಿಗೆ ಸುಮಾರು 28 ಲೀಟರ್ ನೀರು ಸಾಕು, ಎರಡು ಗಂಟೆಯೊಳಗೆ ಕುಡಿದು ಮುಗಿಸಬೇಕು. ಟ್ಯಾಂಕಿಗೆ ಮಾಮೂಲಿಯಾಗಿ 1,000 ಲೀಟರಿಗೆ 10 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕುವವರು ಹಿಂದಿನ ದಿನವೇ ನಿಲ್ಲಿಸಿರಬೇಕು, ಇಲ್ಲವಾದರೆ ಕ್ಲೋರಿನ್ ಲಸಿಕೆಯನ್ನೇ ಕೊಲ್ಲುತ್ತದೆ. ಉಳಿದ ಕ್ಲೋರಿನ್ನಿಗೆ ಲೀಟರಿಗೆ 2.5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಲಸಿಕೆ ಸೇರಿಸಬೇಕು. ಇಷ್ಟೆಲ್ಲ ಮಾಡಿದರೂ, ಏಪ್ರಿಲ್ ಬಿಸಿಲಲ್ಲಿ ಐಸ್ ಇಲ್ಲದ ಚೀಲದಲ್ಲಿ ಬೈಕಿನ ಮೇಲೆ ಬಂದ ಸೀಸೆಯಾದರೆ ಫಲವಿಲ್ಲ. 2ರಿಂದ 8 ಡಿಗ್ರಿ ಎಂದು ಪೆಟ್ಟಿಗೆಯ ಮೇಲೆ ಮುದ್ರಿಸಿದ್ದರೂ ದಾರಿಯಲ್ಲಿ ಎಷ್ಟಿತ್ತೆಂದು ಯಾರಿಗೂ ಗೊತ್ತಿರುವುದಿಲ್ಲ. ಹಿತ್ತಲಲ್ಲಿ ಹದಿನೈದು ಕೋಳಿ ಸಾಕುವ ಹೆಣ್ಣುಮಕ್ಕಳಿಗಂತೂ ಇನ್ನೂ ಕಷ್ಟ. 100 ಡೋಸಿನ ಸೀಸೆ ಒಡೆದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಗಿರಿರಾಜ ತಳಿಯ ಕೋಳಿಮರಿಗಳನ್ನು ಹಂಚುವ ಯೋಜನೆಗಳು ಬೇಸಿಗೆಯ ಒಂದೇ ಕೊಕ್ಕರೆ ರೋಗದಲ್ಲಿ ಮಣ್ಣಾಗುವುದು ಇದರಿಂದಲೇ. ಮರಿ ಹಂಚಿದ ಊರಿನಲ್ಲಿ ಜಾನುವಾರು ಆರೈಕೆಯ ತರಬೇತಿ ಪಡೆದ ಊರಿನ ಪಶು ಸಖಿಯರ ಮೂಲಕ ಇಡೀ ಊರಿಗೆ ಒಂದೇ ಬೆಳಿಗ್ಗೆ ಲಸಿಕೆ ಹಾಕಿಸಿ, ಎಂಟು ವಾರ ದಾಟಿದ ಕೋಳಿಗೆ ಅದೇ ರೋಗದ ಆರ್2ಬಿ ಲಸಿಕೆ. ಮರಿಯ ಖರ್ಚಿಗೆ ಹೋಲಿಸಿದರೆ ಅದು ಏನೂ ಅಲ್ಲ.

ಮೆಕ್ಕೆಜೋಳದ ವಿಷಯವನ್ನು ಕೃಷಿ ಇಲಾಖೆಯದೆಂದು ಪಕ್ಕಕ್ಕಿಡಬೇಡಿ ಎಂದು ಒತ್ತಿ ಹೇಳುತ್ತೇವೆ. ಕೋಳಿ ಫೀಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳವೇ, ಸಾಕಣೆಯ ಒಟ್ಟು ಖರ್ಚಿನಲ್ಲಿ ಮೂರನೇ ಎರಡು ಭಾಗದಷ್ಟು ಫೀಡೇ. ದಾವಣಗೆರೆ, ಹಾವೇರಿ ಕಡೆ ಕೊಯ್ಲು ಬರುವುದು ಹಿಂಗಾರು ಮಳೆಯ ಹೊತ್ತಿಗೆ. ರಸ್ತೆಯ ಮೇಲೆ ಒಣಗಿಸಿದ ಕಾಳು ಸಂಜೆಯ ಒಂದು ಮಳೆಗೆ ಮತ್ತೆ ನೆನೆಯುತ್ತದೆ. ತೇವ ನೂರಕ್ಕೆ 14 ದಾಟಿದ ಕಾಳನ್ನು ಚೀಲಕ್ಕೆ ತುಂಬಿದರೆ ಒಳಗೆ ಹಸಿರು ಬೂಷ್ಟು, ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ. ಇದು ಕೋಳಿಯನ್ನು ಒಂದೇ ಏಟಿಗೆ ಕೊಲ್ಲುವುದು ಅಪರೂಪ. ಲಿವರ್ ಹಳದಿಗೆ ತಿರುಗಿ, ಬೆರಳಿಟ್ಟರೆ ಒಡೆಯುವಂತಾಗುತ್ತದೆ. ಮೈಯ ರೋಗನಿರೋಧಕ ಶಕ್ತಿ ಕುಗ್ಗಿ, ಹಾಕಿದ ಲಸಿಕೆ ಹಿಡಿಯುವುದಿಲ್ಲ. ಆಮೇಲೆ ಬಂದ ರೋಗದ ಹೆಸರಲ್ಲಿ ಸಾವು ದಾಖಲಾಗುತ್ತದೆ, ಕಾರಣವಾದ ಚೀಲ ಯಾರ ನೆನಪಿಗೂ ಬರುವುದಿಲ್ಲ. ಈಚೆಗೆ ಎಥೆನಾಲ್ ಕಾರ್ಖಾನೆಗಳೂ ಮೆಕ್ಕೆಜೋಳ ಕೊಳ್ಳುತ್ತಿರುವುದರಿಂದ ಒಳ್ಳೆಯ ಕಾಳಿಗೆ ಪೈಪೋಟಿ ಹೆಚ್ಚಿದೆ, ಸಣ್ಣ ಫಾರಂನವರಿಗೆ ಉಳಿಯುವುದು ಅಗ್ಗದ, ಹಸಿ ಕಾಳು.

ಕೊಳ್ಳುವಾಗ ತೇವದ ಮೀಟರ್ ಇಲ್ಲದವರಿಗೆ ಉಪ್ಪಿನ ಪರೀಕ್ಷೆಯಿದೆ. ಒಣ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು, ಹುರಿದು ಆರಿಸಿದ ಒಂದು ಚಮಚ ಪುಡಿ ಉಪ್ಪು ಹಾಕಿ ಒಂದು ನಿಮಿಷ ಕುಲುಕಬೇಕು. ಉಪ್ಪು ಗಾಜಿಗೆ ಅಂಟಿದರೆ ತೇವ 15ಕ್ಕಿಂತ ಹೆಚ್ಚು, ಆ ಕಾಳು ಬೇಡ. ಅಫ್ಲಾಟಾಕ್ಸಿನ್ನಿಗೆ ಇಂಥ ಸುಲಭದ ಪರೀಕ್ಷೆಯಿಲ್ಲ. ವಿಷ ರಾಶಿಯಲ್ಲಿ ಸಮವಾಗಿ ಹರಡಿರುವುದಿಲ್ಲ, ಅಲ್ಲೊಂದು ಇಲ್ಲೊಂದು ಕಾಳಿನಲ್ಲಿ ತುಂಬಿಕೊಂಡಿರುತ್ತದೆ. ಒಂದು ಚೀಲದ ಬಾಯಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿದರೆ 'ಇಲ್ಲ' ಎಂದೇ ಬರುತ್ತದೆ. ಹತ್ತಿಪ್ಪತ್ತು ಚೀಲಗಳ ಮೇಲೆ, ನಡು, ತಳದಿಂದ ತೆಗೆದು, ಎಲ್ಲ ಕೂಡಿಸಿ ಬೀಸಿ, ಆ ಹಿಟ್ಟಿನಿಂದ ಮಾದರಿ ತೆಗೆಯಬೇಕು. ಮೆಕ್ಕೆಜೋಳ ಬರುವ ಎಪಿಎಂಸಿಗಳಲ್ಲಿ ಒಣಗಿಸುವ ಯಂತ್ರ, ತೇವದ ಮೀಟರ್, ವಿಷ ಪರೀಕ್ಷೆಯ ಕಿಟ್ ಇರಿಸಿದರೆ ಬೆಳೆದವರಿಗೂ ಬೆಲೆ ಸಿಗುತ್ತದೆ, ಸಾಕುವವರೂ ಉಳಿಯುತ್ತಾರೆ. ಒಪ್ಪಂದದ ಫಾರಂಗಳಲ್ಲಿ ಪ್ರತಿ ಲೋಡ್ ಫೀಡ್ ಇಳಿದಾಗಲೂ ಅರ್ಧ ಕಿಲೋ ತೆಗೆದು, ಎರಡೂ ಕಡೆಯವರ ಸಹಿ ಹಾಕಿ ಮೊಹರು ಮಾಡಿ ಬ್ಯಾಚ್ ಮುಗಿಯುವವರೆಗೆ ಇಡುವುದನ್ನು ಕಡ್ಡಾಯ ಮಾಡಿ. ತಕರಾರು ಬಂದರೆ ಅದನ್ನೇ ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಬಹುದು.

ಮೊಟ್ಟೆ ಕೋಳಿಯವರ ಕಷ್ಟಕ್ಕೆ ಒಂದೇ ಲೆಕ್ಕ ಕೊಡುತ್ತೇವೆ. 10,000 ಕೋಳಿ ದಿನಕ್ಕೆ ತಲಾ 110 ಗ್ರಾಂ ತಿಂದರೆ 1,100 ಕಿಲೋ, ಕಿಲೋಗೆ ₹30ರಂತೆ ₹33,000. 8,500 ಮೊಟ್ಟೆ ಬಂದರೆ ಮೊಟ್ಟೆಗೆ ಫೀಡ್ ಖರ್ಚು ₹3.88. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಇಳುವರಿ 7,500ಕ್ಕೆ ಬಿದ್ದರೆ ₹4.40. ಹೊಸಪೇಟೆಯ ಮೊಟ್ಟೆ ದರ ಅದಕ್ಕಾಗಿ ಏರುವುದಿಲ್ಲ.

ಇನ್ನು ಆ್ಯಂಟಿಬಯೋಟಿಕ್. ಕೋಳಿಯವರು ಸಿಕ್ಕಾಪಟ್ಟೆ ಬಳಸುತ್ತಾರೆ ಎಂಬ ಆರೋಪ ಬಹಳ ಕಡೆ ನಿಜ, ಒಪ್ಪುತ್ತೇವೆ. 2019ರಲ್ಲಿ ಕೋಲಿಸ್ಟಿನ್ ನಿಷೇಧವಾದದ್ದು ಸರಿಯಾಗಿಯೇ ಆಯಿತು. ಮನುಷ್ಯರಿಗೆ ಬೇರೆ ಔಷಧಿಗಳು ಕೈಕೊಟ್ಟಾಗ ಕೊನೆಗೆ ಕೊಡುವ ಔಷಧಿ ಅದು. ಆದರೆ ದಿನಕ್ಕೆ ಐದು ಸಾಯುತ್ತಿದ್ದ ಶೆಡ್ಡಿನಲ್ಲಿ ಒಂದು ಬೆಳಿಗ್ಗೆ ನಲವತ್ತು ಸತ್ತರೆ, ಅಂಗಡಿಯಲ್ಲಿ ಔಷಧಿ ಹತ್ತು ನಿಮಿಷಕ್ಕೆ ಸಿಗುತ್ತದೆ, ಪರೀಕ್ಷೆ ಎಲ್ಲಿಯೂ ಸಿಗುವುದಿಲ್ಲ. ಯಾವ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂದು ತಿಳಿಯಲು ಪ್ರಯೋಗಾಲಯಕ್ಕೆ ಎರಡು ಮೂರು ದಿನ ಬೇಕು. ಆ ಪ್ರಯೋಗಾಲಯ ನೂರು ಕಿಲೋಮೀಟರ್ ದೂರದಲ್ಲಿದ್ದರೆ, ಭಾನುವಾರ ಮುಚ್ಚಿದ್ದರೆ, ರೈತ ಕತ್ತಲಲ್ಲಿ ಗುಂಡು ಹೊಡೆಯುತ್ತಾನೆ. ಸತ್ತಿರುವುದು ವೈರಸ್ಸಿನಿಂದಾದರೆ ಆ ಔಷಧಿಯ ದುಡ್ಡೂ ಹೋಯಿತು. ಔಷಧಿ ನಿಲ್ಲಿಸಿದ ಮೇಲೆ ಮಾರುವ ಮುಂಚೆ ಕಾಯಬೇಕಾದ ದಿನಗಳನ್ನು ಪಾಲಿಸದೆ ಕೋಳಿ ಎತ್ತಿದರೆ ಔಷಧಿಯ ಉಳಿಕೆ ತಿನ್ನುವವರ ತಟ್ಟೆಗೂ ಬಂತು.

ಆದ್ದರಿಂದ ನಮ್ಮ ಎರಡನೆಯ ದೊಡ್ಡ ಬೇಡಿಕೆ ಮರಣೋತ್ತರ ಪರೀಕ್ಷೆಯ ಕಿಟಕಿ. ಕೋಳಿ, ಹಂದಿ ಹೆಚ್ಚಿರುವ ಪ್ರತಿ ಜಿಲ್ಲೆಯಲ್ಲೂ ವಾರದ ಏಳು ದಿನ, ಬೆಳಿಗ್ಗೆ ಹತ್ತರೊಳಗೆ ತಂದ ಸತ್ತ ಕೋಳಿಗೆ ಸಂಜೆಯೊಳಗೆ ಲಿಖಿತ ವರದಿ. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ, ಐಸಿನ ಡಬ್ಬಿ, ಸತ್ತು ಆರು ಗಂಟೆ ಮೀರದ ಮೂರು ನಾಲ್ಕು ಕೋಳಿ ತರಬೇಕೆಂದು ಸಾಕಣೆದಾರರಿಗೆ ನಾವೇ ಕಲಿಸುತ್ತೇವೆ. ಒಮ್ಮೆಲೇ ತುಂಬಾ ಸತ್ತು ಹಕ್ಕಿಜ್ವರದ ಅನುಮಾನವಿದ್ದರೆ ತರಬಾರದು, ವೈದ್ಯರನ್ನೇ ಕರೆಸಬೇಕು ಎಂಬುದನ್ನೂ ಕಲಿಸುತ್ತೇವೆ. ವರದಿ ರೈತನ ಹೆಸರಿನಲ್ಲಿ, ಇಲಾಖೆಯ ಮೊಹರಿನೊಂದಿಗೆ ಬರಲಿ. ಸಾಕಣೆ ಶುಲ್ಕದ ಜಗಳದಲ್ಲಿ ಅದು ಸಾಕ್ಷಿ, ವಿಮೆಗೆ ದಾಖಲೆ, ನಿಮಗೆ ಜಿಲ್ಲೆಯ ರೋಗಗಳ ನಕ್ಷೆ.

ಮಾಮೂಲಿಯಾಗಿ ಸತ್ತ ಕೋಳಿಯನ್ನು ಕೆರೆಗೆ, ರಸ್ತೆ ಬದಿಗೆ ಎಸೆಯುವುದು ನಿಲ್ಲಬೇಕು. ಗೊಬ್ಬರ ಮಾಡುವುದು ಸುಲಭ: 10 ಕಿಲೋ ಸತ್ತ ಕೋಳಿಗೆ 20 ಕಿಲೋ ಹಳೆಯ ಹೊಟ್ಟು ಗೊಬ್ಬರ, 1 ಕಿಲೋ ಒಣ ಹುಲ್ಲು, ಎರಡೂವರೆ ಲೀಟರ್ ನೀರು, ಪದರ ಪದರವಾಗಿ, ಸೂರಿನಡಿಯ ತೊಟ್ಟಿಯಲ್ಲಿ. ಒಳಗೆ 55 ಡಿಗ್ರಿಗೂ ಮೇಲೆ ಕಾವೇರುತ್ತದೆ. ಕಾವು ಇಳಿದಾಗ ಒಮ್ಮೆ ತಿರುವಿ ಹಾಕಬೇಕು. ವಾಸನೆ ಬಂದರೆ ನೀರು ಹೆಚ್ಚಾಗಿದೆ ಎಂದರ್ಥ. ಇಂಥ ತೊಟ್ಟಿಯನ್ನು ಗ್ರಾಮೀಣ ಉದ್ಯೋಗ ಖಾತ್ರಿ ಕಾಮಗಾರಿಗಳ ಪಟ್ಟಿಗೆ ಸೇರಿಸಲು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಒಂದು ಪತ್ರ ಬರೆಯಿರಿ.

ಕೊನೆಯದಾಗಿ ವದಂತಿ. 2020ರ ಮಾರ್ಚ್‌ನಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆ ಎಂಬ ಸುಳ್ಳು ಹಬ್ಬಿದಾಗ ಬೆಳಗಾವಿ, ಕೋಲಾರ ಜಿಲ್ಲೆಗಳಲ್ಲಿ ಜೀವಂತ ಕೋಳಿಗಳನ್ನೇ ಗುಂಡಿಗೆ ಸುರಿದು ಮುಚ್ಚಿದರು. ಬೇಯಿಸಿದ ಕೋಳಿಯಿಂದ ಹಕ್ಕಿಜ್ವರ ಬರುವುದಿಲ್ಲ, 70 ಡಿಗ್ರಿ ಒಳಗಿನವರೆಗೆ ಬೆಂದರೆ ವೈರಸ್ ಸಾಯುತ್ತದೆ ಎಂಬುದನ್ನು ಸುದ್ದಿ ಹಬ್ಬಿದ ದಿನವೇ ಇಲಾಖೆ ಹೇಳಬೇಕು, ವಾರ ಕಳೆದ ಮೇಲಲ್ಲ.

ತಿಳಿಸಿದ ಗಂಟೆಯ ಎಣಿಕೆಗೆ ಪಂಚನಾಮೆಯ ಒಂದು ಪುಟದ ನಮೂನೆ, ಮೊಹರು ಮಾಡಿದ ಫೀಡ್ ಮಾದರಿಗೆ ಚೀಟಿಯ ನಮೂನೆ, ಎರಡನ್ನೂ ಕನ್ನಡದಲ್ಲಿ ತಯಾರಿಸಿ ತಮ್ಮ ಮುಂದಿಡಲು ನಾವು ಸಿದ್ಧರಿದ್ದೇವೆ. ಈ ಸಲದ ಮೆಕ್ಕೆಜೋಳ ಮಾರುಕಟ್ಟೆಗೆ ಬರುವುದಕ್ಕೆ ಮುಂಚೆ ಒಂದು ದಿನ ಸಮಯ ಕೊಡಿ.

ಇಂತಿ ತಮ್ಮ ವಿಶ್ವಾಸಿಗಳು,
ಕೋಳಿ, ಹಂದಿ ಸಾಕುವವರು ಮತ್ತು ಅವರ ಜೊತೆ ಕೆಲಸ ಮಾಡುವ ಪಶುವೈದ್ಯರು